ಸಮುದ್ರಕ್ಕೆ ತೂಬಿಲ್ಲ

ಕಬ್ಬಿನ ಎಲೆ ಬಿಳಿಚಿಕೊಂಡು ನರಗಳು ಮಾತ್ರ ಹಸಿರಾಗಿ ಉಳಿದರೆ ಪಾಂಡವಪುರದ ಕಡೆಯ ರೈತ ಗೊಬ್ಬರದ ಅಂಗಡಿಗೆ ಹೋಗಿ ಅನ್ನಭೇದಿ ಕೇಳುತ್ತಾನೆ. ತಿಳಿ ಹಸಿರು ಬಣ್ಣದ ಹರಳು. ವಿಜ್ಞಾನದ ಪುಸ್ತಕದಲ್ಲಿ ಅದರ ಹೆಸರು ಕಬ್ಬಿಣದ ಸಲ್ಫೇಟ್. ನೀರಿನಲ್ಲಿ ಕರಗಿಸಿ ಸಿಂಪಡಿಸಿದರೆ ಕೆಲವೇ ದಿನಗಳಲ್ಲಿ ಎಲೆಯ ಬಣ್ಣ ತಿರುಗುತ್ತದೆ. ಮಣ್ಣಿನಲ್ಲಿ ಕಬ್ಬಿಣವೇ ಇಲ್ಲವೆಂದಲ್ಲ, ನೀರು ಹೆಚ್ಚಾಗಿ ಚೌಳು ಹಿಡಿದ ಭೂಮಿಯಲ್ಲಿ ಅದು ಬೇರಿಗೆ ದಕ್ಕುವುದಿಲ್ಲ. ಇಂಥ ಹೊಲಕ್ಕೆ ಎಕರೆಗೆ ಕೆಲವು ಕಿಲೋ ಅನ್ನಭೇದಿ ಸಾಕು.

ಇದೇ ಅನ್ನಭೇದಿಯನ್ನು ಟನ್ನುಗಟ್ಟಲೆ ಹಡಗಿಗೆ ತುಂಬಿ ನಡುಸಮುದ್ರದಲ್ಲಿ ಸುರಿಯುವ ಪ್ರಯೋಗಗಳು 30 ವರ್ಷಕ್ಕೂ ಹಿಂದಿನಿಂದ ನಡೆದಿವೆ. ಉದ್ದೇಶ ಭೂಮಿಯ ಬಿಸಿ ಇಳಿಸುವುದು. ಒಮ್ಮೆ ಗದ್ದೆಯ ಬದುವಿನ ಮೇಲೆ ಕುಳಿತು ಪಕ್ಕದ ಜಮೀನಿನ ಗೌಡರಿಗೆ ಈ ಸಂಗತಿ ಹೇಳಿದೆ. ಅವರು ನಗಲಿಲ್ಲ. ಬೀಡಿ ಆರಿಸಿ, "ಅದ್ಯಾರ್ ಜಮೀನು ಅಂತ ಹಾಕ್ತಾರೆ ಸಾಬ್ರೇ? ಬೆಳೆ ಬಂದ್ರೆ ಯಾರಿಗೆ, ಕೆಟ್ರೆ ಯಾರಿಗೆ?" ಎಂದು ಕೇಳಿದರು. ಹವಾಮಾನ ಸಮ್ಮೇಳನಗಳಲ್ಲಿ ವಿಜ್ಞಾನಿಗಳು, ವಕೀಲರು, ರಾಜತಾಂತ್ರಿಕರು ವರ್ಷಗಟ್ಟಲೆ ಚರ್ಚಿಸುತ್ತಿರುವ ಪ್ರಶ್ನೆ ಇದೇ.

ಮೊದಲು ವಿಷಯವನ್ನು ಸರಳವಾಗಿ ಹೇಳಬೇಕು. ನಾವು ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಸುಟ್ಟು ಗಾಳಿಗೆ ಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಕಾಲು ಭಾಗವನ್ನು ಸಮುದ್ರ ಹೀರಿಕೊಳ್ಳುತ್ತದೆ. ಅದರ ಜತೆಗೆ ಭೂಮಿಯಲ್ಲಿ ಹೆಚ್ಚಾದ ಶಾಖದ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲನ್ನೂ ಅದೇ ಹೊತ್ತಿದೆ. ಸಮುದ್ರದ ಮೇಲ್ಪದರದಲ್ಲಿ ಬರಿಗಣ್ಣಿಗೆ ಕಾಣದ ಪಾಚಿಗಳಿವೆ. ನಮ್ಮ ಪೈರಿನ ಹಾಗೆಯೇ ಬಿಸಿಲು ಮತ್ತು ಇಂಗಾಲದ ಡೈಆಕ್ಸೈಡ್ ಬಳಸಿ ಅವು ಬೆಳೆಯುತ್ತವೆ. ಸತ್ತ ಪಾಚಿಯಲ್ಲಿ ಒಂದಷ್ಟು ಆಳಕ್ಕೆ ಇಳಿಯುತ್ತದೆ, ಅದರೊಂದಿಗೆ ಇಂಗಾಲವೂ ಇಳಿಯುತ್ತದೆ. ಅಂಟಾರ್ಕ್ಟಿಕದ ಸುತ್ತಲಿನ ಸಮುದ್ರದಲ್ಲಿ ಸಾರಜನಕ, ರಂಜಕ ಹೇರಳವಾಗಿದ್ದರೂ ಪಾಚಿ ಕಡಿಮೆ. ಅಮೆರಿಕದ ಸಾಗರ ವಿಜ್ಞಾನಿ ಜಾನ್ ಮಾರ್ಟಿನ್ 1980ರ ದಶಕದ ಕೊನೆಯಲ್ಲಿ ಇದಕ್ಕೆ ಕಾರಣ ಕಬ್ಬಿಣದ ಕೊರತೆ ಎಂದರು. ಅರ್ಧ ಹಡಗು ಕಬ್ಬಿಣ ಕೊಟ್ಟರೆ ಹಿಮಯುಗವನ್ನೇ ತಂದುಕೊಡುತ್ತೇನೆಂದು ಅವರು ತಮಾಷೆಗೆ ಹೇಳಿದ ಮಾತು ಜಗತ್ತಿನಲ್ಲೆಲ್ಲ ಹರಡಿತು. 1993ರಲ್ಲಿ ಅವರು ತೀರಿಕೊಂಡರು. ಅದೇ ವರ್ಷ ಪೆಸಿಫಿಕ್ ಸಾಗರದಲ್ಲಿ ಮೊದಲ ಪ್ರಯೋಗ ನಡೆಯಿತು. ಕಬ್ಬಿಣ ಬಿದ್ದ ಕಡೆ ಪಾಚಿ ಬೆಳೆಯಿತು. ಮಾರ್ಟಿನ್ ಹೇಳಿದ್ದು ಅಷ್ಟರಮಟ್ಟಿಗೆ ನಿಜವಾಯಿತು. ಆದರೆ ಬೆಳೆದದ್ದು ಆಳಕ್ಕೆ ಇಳಿಯುತ್ತದೆಯೇ, ಇಳಿದರೆ ಎಷ್ಟು ಕಾಲ ಅಲ್ಲಿರುತ್ತದೆ ಎಂಬುದು ಬೇರೆ ಪ್ರಶ್ನೆಯಾಗಿತ್ತು.

ಈ ಕಥೆಯಲ್ಲಿ ನಮ್ಮ ದೇಶಕ್ಕೂ ದೊಡ್ಡ ಪಾತ್ರವಿದೆ. 2009ರ ಜನವರಿಯಲ್ಲಿ ಜರ್ಮನಿಯ 'ಪೋಲಾರ್‌ಸ್ಟರ್ನ್' ಹಡಗು ದಕ್ಷಿಣ ಆಫ್ರಿಕದ ಕೇಪ್‌ಟೌನಿನಿಂದ ದಕ್ಷಿಣ ಸಾಗರಕ್ಕೆ ಹೊರಟಿತು. ಗೋವೆಯ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಮತ್ತು ಜರ್ಮನಿಯ ಆಲ್ಫ್ರೆಡ್ ವೆಗೆನರ್ ಸಂಸ್ಥೆ ಸೇರಿ ನಡೆಸಿದ ಈ ಪ್ರಯೋಗದ ಹೆಸರು 'ಲೋಹಾಫೆಕ್ಸ್'. ಹಿಂದಿಯಲ್ಲಿ ಲೋಹಾ ಎಂದರೆ ಕಬ್ಬಿಣ, ಹೆಸರು ಬಂದದ್ದು ಅಲ್ಲಿಂದ. ಹಡಗಿನಲ್ಲಿದ್ದ ವಿಜ್ಞಾನಿಗಳಲ್ಲಿ ಹೆಚ್ಚಿನವರು ಭಾರತೀಯರು. ಮುಂದಾಳುಗಳು ಇಬ್ಬರು: ಗೋವೆಯ ಡಾ. ವಜೀಹ್ ನಖ್ವಿ ಮತ್ತು ಭಾರತದಲ್ಲೇ ಹುಟ್ಟಿ ಬೆಳೆದು ಜರ್ಮನಿಯಲ್ಲಿ ನೆಲೆಸಿದ ವಿಕ್ಟರ್ ಸ್ಮೆಟಾಚೆಕ್.

ಹಡಗು ಹೊರಟ ಕೂಡಲೇ ಗದ್ದಲ ಎದ್ದಿತು. 2008ರ ಮೇ ತಿಂಗಳಲ್ಲಿ ಬಾನ್ ನಗರದಲ್ಲಿ ಸೇರಿದ್ದ ಜೀವವೈವಿಧ್ಯ ಒಪ್ಪಂದದ ದೇಶಗಳು, ಕರಾವಳಿಯ ಸಣ್ಣ ಸಂಶೋಧನೆಗಳ ಹೊರತಾಗಿ ಸಮುದ್ರಕ್ಕೆ ಗೊಬ್ಬರ ಹಾಕುವ ಕೆಲಸ ಸದ್ಯಕ್ಕೆ ಬೇಡ ಎಂದು ತೀರ್ಮಾನಿಸಿದ್ದವು. ಇದು ಆ ತೀರ್ಮಾನದ ಉಲ್ಲಂಘನೆ ಎಂದು ಪರಿಸರ ಸಂಘಟನೆಗಳು ದೂರಿದವು. ಜರ್ಮನಿಯ ಪರಿಸರ ಸಚಿವರೇ ಪ್ರಯೋಗ ನಿಲ್ಲಿಸಬೇಕೆಂದು ಕೇಳಿದರು. ಸಂಶೋಧನಾ ಸಚಿವಾಲಯ ಕೆಲವು ದಿನ ತಡೆಹಿಡಿದು, ತಜ್ಞರ ಅಭಿಪ್ರಾಯ ಪಡೆದು, ಜನವರಿ ಕೊನೆಯ ವಾರ ಅನುಮತಿ ಕೊಟ್ಟಿತು. ವಿಜ್ಞಾನಿಗಳು ಸುಮಾರು 300 ಚದರ ಕಿಲೋಮೀಟರ್ ನೀರಿಗೆ, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 74,000 ಎಕರೆಗೆ, ಕಬ್ಬಿಣ ಹಾಕಿ 39 ದಿನ ಕಾದು ನೋಡಿದರು.

ಪಾಚಿ ಬೆಳೆಯಿತು, ಆದರೆ ನಿರೀಕ್ಷಿಸಿದಷ್ಟು ಬೆಳೆಯಲಿಲ್ಲ. ಆಳಕ್ಕೆ ಬೇಗ ಮುಳುಗುವ ಜಾತಿಯ ಪಾಚಿಗೆ ಗಾಜಿನಂಥ ಚಿಪ್ಪಿರುತ್ತದೆ. ಅದನ್ನು ಕಟ್ಟಿಕೊಳ್ಳಲು ಸಿಲಿಕಾ ಬೇಕು. ಆ ನೀರಿನಲ್ಲಿದ್ದ ಸಿಲಿಕಾವನ್ನು ಹಿಂದಿನ ಬೆಳೆಯೇ ಖಾಲಿ ಮಾಡಿತ್ತು. ಚಿಪ್ಪಿಲ್ಲದ ಸಣ್ಣ ಪಾಚಿ ಬೆಳೆದಾಗ ಅದನ್ನು ಸಣ್ಣ ಸಿಗಡಿಯಂಥ ಜೀವಿಗಳು ಮೇಯ್ದವು. ಅವನ್ನು ಇನ್ನಷ್ಟು ದೊಡ್ಡ ಜೀವಿಗಳು ತಿಂದವು. ಆಳಕ್ಕೆ ಇಳಿದ ಇಂಗಾಲ ತೀರಾ ಸ್ವಲ್ಪ. ಗೌಡರಿಗೆ ಇದನ್ನೂ ವಿವರಿಸಿದೆ. "ಒಂದು ಗೊಬ್ಬರ ಹಾಕಿ ಇನ್ನೊಂದು ಬಿಟ್ರೆ ಹಂಗೇ ಆಗೋದು. ಮೇಲಾಗಿ ಬೇಲಿ ಇಲ್ದ ಹೊಲ" ಎಂದರು. ಒಂದು ಪೋಷಕಾಂಶ ಕೊಟ್ಟ ಕೂಡಲೇ ಮತ್ತೊಂದರ ಕೊರತೆ ಎದ್ದು ಕಾಣುತ್ತದೆ ಎಂಬುದು ಭತ್ತ ಬೆಳೆಯುವ ಯಾರಿಗೂ ಹೊಸದಲ್ಲ.

ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. ಇದೇ ಸ್ಮೆಟಾಚೆಕ್ ಮತ್ತು ಸಂಗಡಿಗರು 2004ರಲ್ಲಿ ಅದೇ ದಕ್ಷಿಣ ಸಾಗರದ ಬೇರೊಂದು ಭಾಗದಲ್ಲಿ, ಸಿಲಿಕಾ ಸಾಕಷ್ಟಿದ್ದ ನೀರಿನಲ್ಲಿ ಪ್ರಯೋಗ ಮಾಡಿದ್ದರು. ಬೆಳೆದ ಪಾಚಿಯಲ್ಲಿ ಕನಿಷ್ಠ ಅರ್ಧದಷ್ಟು ಒಂದು ಸಾವಿರ ಮೀಟರಿಗಿಂತ ಕೆಳಗಿಳಿಯಿತು ಎಂದು 2012ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಆದ್ದರಿಂದ ಇದೆಲ್ಲ ಬರೀ ಬುರುಡೆ ಎಂದು ತಳ್ಳಿಹಾಕುವಂತಿಲ್ಲ. ಕೆಲವು ಕಡೆ, ಕೆಲವು ಕಾಲದಲ್ಲಿ ಇದು ಕೆಲಸ ಮಾಡಬಹುದು. ಕೆಲಸ ಮಾಡಬಹುದು ಎಂಬ ಕಾರಣಕ್ಕೇ ಚರ್ಚೆ ಇಷ್ಟು ಕಾವೇರಿದೆ.

ನನ್ನ ಮಟ್ಟಿಗೆ ಈ ಚರ್ಚೆ ಮನೆಯೊಳಗೇ ಬಂದಿತು. ತಂಗಿಯ ಮಗ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಸಾಗರ ಭೂವಿಜ್ಞಾನ ಓದುತ್ತಿದ್ದಾನೆ. ಮುಂದೆ ಇಂಥದೇ ಸಂಶೋಧನೆಗೆ ಸೇರಬೇಕೆಂಬ ಆಸೆ ಅವನದು. ರಜೆಗೆ ಗಂಜಾಮಿನ ನಮ್ಮ ಮನೆಗೆ ಬಂದಾಗ ನಾನು ನನ್ನ ಅನುಮಾನಗಳನ್ನು ಹೇಳಿದೆ. ಸಮಾಧಾನದಿಂದ ಕೇಳಿಸಿಕೊಂಡು ಅವನೆಂದ: "ಮಾಮೂ, ಒಂದು ಮಾತು ಹೇಳಿ. ಕನ್ನಂಬಾಡಿ ಕಟ್ಟುವಾಗಲೂ ಬೇಡ ಅನ್ನುವವರು ಇದ್ದೇ ಇದ್ದರಲ್ಲ? ಅವರ ಮಾತು ಕೇಳಿದ್ದರೆ ನೀವು ಇವತ್ತು ಊಟ ಮಾಡಿದ ಅನ್ನ ಎಲ್ಲಿಂದ ಬರುತ್ತಿತ್ತು? ನದಿಗೆ ಕೈ ಹಾಕಿದ್ದು ಸರಿ, ಸಮುದ್ರಕ್ಕೆ ಹಾಕುವುದು ತಪ್ಪು ಅಂದರೆ ಹೇಗೆ?"

ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳುವ ಹಕ್ಕು ಶ್ರೀರಂಗಪಟ್ಟಣದವರಿಗಂತೂ ಇಲ್ಲ. ಪ್ರಕೃತಿಯ ಹರಿವನ್ನು ಮನುಷ್ಯ ತಿರುಗಿಸಿದ್ದರಿಂದಲೇ ಬದುಕು ಕಟ್ಟಿಕೊಂಡ ಸೀಮೆ ನಮ್ಮದು. ನಮ್ಮ ಅಬ್ಬಾನಿಗೆ ಅವರ ಅಬ್ಬಾನಿಂದ ಬಂದ ಎರಡು ಎಕರೆ ಪಾಂಡವಪುರದ ಬಳಿ ವಿಶ್ವೇಶ್ವರಯ್ಯ ನಾಲೆಯ ಕೆಳಗಿದೆ. ಮನೆಯ ಮಕ್ಕಳು ಓದಿದ್ದು, ಮದುವೆಗಳು ನಡೆದದ್ದು ಆ ನೀರಿನಿಂದ. ಹಾಗಾಗಿ ಎಂಜಿನಿಯರಿಂಗ್ ಎಂದ ಕೂಡಲೇ ಮೂಗು ಮುರಿಯುವ ಬುದ್ಧಿ ನನಗಿಲ್ಲ. ಹುಡುಗನಿಗೆ ಆಗ ಉತ್ತರ ಕೊಡದೆ, ಕನ್ನಂಬಾಡಿಯ ಕಥೆಯನ್ನೇ ಇನ್ನೊಮ್ಮೆ ಯೋಚಿಸಿದೆ.

ಅಣೆಕಟ್ಟೆಯ ಕೆಲಸ 1911ರಲ್ಲಿ ಶುರುವಾಗಿ 1930ರ ದಶಕದ ಆರಂಭದಲ್ಲಿ ಮುಗಿಯಿತು. ಕಟ್ಟುವಾಗ ಅಲ್ಲೊಂದು ಪಾರಸಿ ಶಾಸನ ಸಿಕ್ಕಿತು. ಟಿಪ್ಪು ಸುಲ್ತಾನರು 1794ರ ಹೊತ್ತಿಗೆ ಅಲ್ಲೇ ಕಾವೇರಿಗೆ ಅಣೆಕಟ್ಟು ಕಟ್ಟಲು ಹಾಕಿಸಿದ್ದ ಕಲ್ಲು ಅದು. ಪ್ರವಾಸಿಗರು ಅದರ ಮುಂದೆ ನಿಂತು, ಅಂದೇ ಯೋಚನೆ ಮಾಡಿದ್ದರಲ್ಲ ಎಂದು ಮೆಚ್ಚಿ ಹೋಗುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಅದರ ಒಕ್ಕಣೆ. ಈ ನೀರಿನಿಂದ ಹೊಸದಾಗಿ ಸಾಗುವಳಿ ಮಾಡಿದವರಿಗೆ ಕಂದಾಯದಲ್ಲಿ ನಾಲ್ಕನೆಯ ಒಂದು ಪಾಲು ರಿಯಾಯಿತಿ, ಆ ಜಮೀನು ಅವರಿಗೂ ಅವರ ಸಂತತಿಗೂ ಸೇರಿದ್ದು ಎಂಬ ಅರ್ಥದ ಮಾತು ಅದರಲ್ಲಿದೆ. ಕಟ್ಟೆ ಮೇಲೇಳುವ ಮೊದಲೇ ಯಾರಿಗೆ ಏನು ಸಿಗುತ್ತದೆಂದು ಕಲ್ಲಿನಲ್ಲಿ ಕೆತ್ತಿದ್ದರು.

ಮುಂದೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ವಿಶ್ವೇಶ್ವರಯ್ಯನವರ ಯೋಜನೆ ಕೈಗೂಡಿದಾಗಲೂ ಲೆಕ್ಕವಿತ್ತು. ನಾಲೆಯ ಕೆಳಗಿನ ಜಮೀನನ್ನು ಮೂರು ಪಾಲು ಮಾಡಿ ಒಂದರಲ್ಲಿ ಭತ್ತ, ಒಂದರಲ್ಲಿ ಕಬ್ಬು, ಒಂದರಲ್ಲಿ ರಾಗಿಯಂಥ ಕಡಿಮೆ ನೀರಿನ ಬೆಳೆ ಎಂಬ ಬ್ಲಾಕ್ ಪದ್ಧತಿ ತಂದರು. ಆ ಪದ್ಧತಿ ಬಾಳಲಿಲ್ಲ. ಎಲ್ಲರಿಗೂ ಭತ್ತ, ಕಬ್ಬೇ ಬೇಕಾಯಿತು. ನಾಲೆಯ ಮೇಲ್ಭಾಗದಲ್ಲಿ ನೀರು ನಿಂತು ಚೌಳಾಯಿತು, ಕೊನೆಯ ಭಾಗಕ್ಕೆ ನೀರು ತಲುಪದೆ ಗದ್ದೆ ಬಿರಿಯಿತು. ಕನ್ನಂಬಾಡಿ ಎಂಬ ಊರೇ ಮುಳುಗಿತು. ಅಲ್ಲಿನ ವೇಣುಗೋಪಾಲಸ್ವಾಮಿ ದೇವಸ್ಥಾನ ಹಿನ್ನೀರಿನೊಳಗಿದ್ದು, ಬರಗಾಲದ ವರ್ಷಗಳಲ್ಲಿ ಮೇಲೆ ಕಾಣುತ್ತಿತ್ತು. ಮುಂದೆ ಅದರ ಕಲ್ಲುಗಳನ್ನು ಬಿಚ್ಚಿ ತಂದು ಹೊಸ ಕನ್ನಂಬಾಡಿಯಲ್ಲಿ ಕಟ್ಟಿದರು. ಗೆದ್ದವರ ಕಥೆಯೊಳಗೆ ಕಳೆದುಕೊಂಡವರ ಕಥೆಯೂ ಇದೆ.

ಆದರೂ ಒಂದು ವ್ಯತ್ಯಾಸವಿದೆ. ಕೆರೆಗೆ ತೂಬಿರುತ್ತದೆ, ತೂಬಿಗೆ ನೀರುಗಂಟಿ ಇರುತ್ತಾನೆ. ನಾಲೆಗೆ ಸೌಡಿ, ಸೌಡಿಯ ಮೇಲೆ ಎಂಜಿನಿಯರು, ಎಂಜಿನಿಯರ ಮೇಲೆ ನಿಗಮ, ನಿಗಮದ ಮೇಲೆ ಸರ್ಕಾರ. ನೀರು ಬಾರದಿದ್ದರೆ ಯಾರ ಕಚೇರಿ ಮುಂದೆ ಕೂರಬೇಕೆಂದು ನಮ್ಮ ರೈತನಿಗೆ ಗೊತ್ತು. ನದಿ ಗಡಿ ದಾಟಿದರೆ ಅದಕ್ಕೂ ಒಂದು ವೇದಿಕೆ ಇದೆ. 1892 ಮತ್ತು 1924ರ ಒಪ್ಪಂದಗಳಿದ್ದವು. 1990ರಲ್ಲಿ ಕಾವೇರಿ ನ್ಯಾಯಮಂಡಳಿ ಬಂತು. 2007ರಲ್ಲಿ ಅದರ ಅಂತಿಮ ತೀರ್ಪು, 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ತೀರ್ಪು, ಅದೇ ವರ್ಷ ನಿರ್ವಹಣಾ ಪ್ರಾಧಿಕಾರ. ಇಷ್ಟೆಲ್ಲ ಇದ್ದೂ 2023ರಲ್ಲಿ ಮಳೆ ಕೈಕೊಟ್ಟು ಕಟ್ಟೆ ತುಂಬದಿದ್ದಾಗ ಮಂಡ್ಯ ಬಂದ್ ಆಯಿತು, ಬೆಂಗಳೂರು ಬಂದ್ ಆಯಿತು. ಒಂದು ನದಿಯ ನೀರನ್ನು, ಅಡಿ ಅಡಿ ಅಳೆಯಬಹುದಾದ ಕಟ್ಟೆಯ ನೀರನ್ನು ಹಂಚಿಕೊಳ್ಳುವುದೇ ಇಷ್ಟು ಕಷ್ಟ. ಸಮುದ್ರದಲ್ಲಿ ಒಬ್ಬರು ಮಾಡಿದ್ದರಿಂದ ಇನ್ನೊಬ್ಬರ ಮೀನೋ ಮಳೆಯೋ ಕೆಟ್ಟರೆ ಅವರು ಯಾವ ಕಚೇರಿಯ ಮುಂದೆ ಹೋಗಿ ಕೂರಬೇಕು?

ಇದು ಬರೀ ಊಹೆಯ ಭಯವಲ್ಲ. ಸಮುದ್ರದ ಮೇಲಿನ ಮೋಡಗಳಿಗೆ ಉಪ್ಪುನೀರಿನ ಸೂಕ್ಷ್ಮ ಹನಿಗಳನ್ನು ಚಿಮ್ಮಿಸಿ, ಅವುಗಳನ್ನು ಇನ್ನಷ್ಟು ಬೆಳ್ಳಗೆ ಮಾಡಿ, ಬಿಸಿಲನ್ನು ಹಿಂದಕ್ಕೆ ಕಳಿಸಬೇಕೆಂಬ ಇನ್ನೊಂದು ಯೋಜನೆಯಿದೆ. ಆಫ್ರಿಕದ ನೈರುತ್ಯ ಕರಾವಳಿಯಾಚೆ ಹಾಗೆ ಮಾಡಿದರೆ ದಕ್ಷಿಣ ಅಮೆರಿಕದ ಅಮೆಜಾನ್ ಕಾಡಿನಲ್ಲಿ ಮಳೆ ಕಡಿಮೆಯಾಗಬಹುದೆಂದು 2009ರಲ್ಲಿ ಬ್ರಿಟಿಷ್ ವಿಜ್ಞಾನಿಗಳ ಕಂಪ್ಯೂಟರ್ ಲೆಕ್ಕ ತೋರಿಸಿತು. ಕೆ.ಆರ್. ಪೇಟೆಯಲ್ಲಿ ನಾನು ಕೆಲಸದಲ್ಲಿದ್ದ ವರ್ಷಗಳಲ್ಲಿ ಸಂಜೆ ಎಷ್ಟೋ ಸಲ ಹೇಮಗಿರಿ ಅಣೆಯ ಬಳಿ ಕೂರುತ್ತಿದ್ದೆ. ಅಲ್ಲಿ ಬಂಡೆ ಹಾಯ್ದು ಬರುವ ಹೇಮಾವತಿಯ ನೀರು ಮೂಡಿಗೆರೆಯ ಬೆಟ್ಟಗಳಿಂದ ಬರುತ್ತದೆ. ಬೆಟ್ಟಕ್ಕೆ ಅದನ್ನು ತರುವುದು ಅರಬ್ಬಿ ಸಮುದ್ರದಿಂದ ಬರುವ ಮುಂಗಾರು. ಕಡಲ ಮೇಲಿನ ಗಾಳಿ ಹತ್ತು ದಿನ ತಡವಾದರೆ ಇಲ್ಲಿ ಒಟ್ಲು ಬಿಡುವವನ ಲೆಕ್ಕ ತಪ್ಪುತ್ತದೆ. ದೂರದ ಸಮುದ್ರದ ಮೋಡಕ್ಕೆ ಯಾರೋ ಕೈ ಹಾಕಿದರೆ ಹೇಮಾವತಿಯ ದಡದವನು ತನಗೆ ಸಂಬಂಧವಿಲ್ಲವೆಂದು ಸುಮ್ಮನಿರಲು ಸಾಧ್ಯವೇ?

ಅಮೆರಿಕದ ಒಂದು ಸಣ್ಣ ಊರು ಸುಮ್ಮನಿರಲಿಲ್ಲ. ಕ್ಯಾಲಿಫೋರ್ನಿಯದ ಅಲಮೀಡದಲ್ಲಿ, ಮ್ಯೂಸಿಯಂ ಆಗಿರುವ ಹಳೆಯ ಯುದ್ಧನೌಕೆಯ ಮೇಲೆ ವಿಜ್ಞಾನಿಗಳು ಉಪ್ಪುನೀರು ಚಿಮ್ಮಿಸುವ ಸಣ್ಣ ಪರೀಕ್ಷೆ ನಡೆಸಿದರು. ಮೊದಲೇ ತಮಗೆ ತಿಳಿಸಲಿಲ್ಲವೆಂದು ನಗರಸಭೆಗೆ ಅಸಮಾಧಾನವಾಯಿತು. ಪರೀಕ್ಷೆಯಿಂದ ಆರೋಗ್ಯಕ್ಕೆ ಅಪಾಯವಿಲ್ಲವೆಂದು ತಜ್ಞರು ವರದಿ ಕೊಟ್ಟರು. ಆದರೂ 2024ರ ಜೂನ್‌ನಲ್ಲಿ ಸದಸ್ಯರೆಲ್ಲ ಒಂದೇ ಮತದಿಂದ ಅದನ್ನು ಮುಂದುವರಿಸಲು ಒಪ್ಪಲಿಲ್ಲ. ಅವರ ನಿರ್ಧಾರದ ಸರಿತಪ್ಪುಗಳ ಬಗ್ಗೆ ವಾದವಿರಬಹುದು. ಬೇಡ ಎನ್ನಲು ಅವರಿಗೊಂದು ನಗರಸಭೆ ಇತ್ತು. ಆ ಅನುಕೂಲ ಹೇಮಗಿರಿಯವರಿಗಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಅದು ನಾಲೆ ನೀರು ಕುಡಿದವನ ಮಾತಾಗುತ್ತದೆ. ನನ್ನ ಆಪಾ ಮದುವೆಯಾಗಿ ಹೋದದ್ದು ನಾಗಮಂಗಲದ ಕಡೆಯ ಹಳ್ಳಿಗೆ. ಜಿಲ್ಲೆ ಒಂದೇ, ಬದುಕು ಬೇರೆ. ಹೇಮಾವತಿ ನಾಲೆಯ ನೀರು ತಾಲೂಕಿಗೆ ಬಂದಿದ್ದರೂ ಅವರ ಹೊಲಕ್ಕೆ ಹತ್ತುವುದಿಲ್ಲ. ಮಳೆ ಬಂದರೆ ರಾಗಿ, ಹುರುಳಿ. ಇಲ್ಲದಿದ್ದರೆ ತೆಂಗಿನ ಸುಳಿ ಬಾಡುವುದನ್ನು ನೋಡುತ್ತ ಕೂರಬೇಕು. ಕೊರೆಸಿದ ಬೋರುಗಳಲ್ಲಿ ಬರೀ ದೂಳು ಬಂದದ್ದೂ ಇದೆ. 2017ರ ಆಗಸ್ಟ್‌ನಲ್ಲಿ ಸರ್ಕಾರ 'ವರ್ಷಧಾರಿ' ಎಂಬ ಹೆಸರಿನಲ್ಲಿ ಮೋಡ ಬಿತ್ತನೆ ಶುರು ಮಾಡಿದಾಗ ಆಪಾ ಫೋನಿನಲ್ಲಿ, "ನಮ್ಮ ಕಡೆಗೂ ಬರ್ತದಂತಾ ವಿಮಾನ?" ಎಂದು ಕೇಳಿದ್ದರು. ಆ ದನಿಯಲ್ಲಿದ್ದ ಆಸೆಯ ಮುಂದೆ ನನ್ನ ತತ್ವಜ್ಞಾನ ಏನೂ ಅಲ್ಲ.

ಮೋಡ ಬಿತ್ತನೆ ನಮ್ಮ ರಾಜ್ಯಕ್ಕೆ ಹೊಸದಲ್ಲ. 2003ರಲ್ಲೂ ಆಯಿತು, 2019ರಲ್ಲಿ ಮತ್ತೆ ಆಯಿತು. ಇರುವ ಮೋಡಕ್ಕೆ ಉಪ್ಪಿನ ಅಥವಾ ಬೆಳ್ಳಿಯ ಅಯೋಡೈಡಿನ ಕಣ ಸೇರಿಸಿದರೆ ಹನಿ ಬೇಗ ದಪ್ಪವಾಗಬಹುದು. ಇಲ್ಲದ ಮೋಡವನ್ನು ಯಾವ ವಿಮಾನವೂ ತರಲಾರದು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ ಸೋಲಾಪುರದಲ್ಲಿ ಶಿಸ್ತಾಗಿ ನಡೆಸಿದ ಪ್ರಯೋಗದಲ್ಲಿ ಮಳೆ ಸರಾಸರಿ ಶೇ. 18ರಷ್ಟು ಹೆಚ್ಚಿತೆಂದು 2023ರಲ್ಲಿ ಪ್ರಕಟಿಸಿತು. ಸರಿಯಾದ ಮೋಡ ಆರಿಸಿ, ಬಿತ್ತಿದ ಮೋಡಕ್ಕೆ ಬಿತ್ತದ ಮೋಡವನ್ನು ಹೋಲಿಸಿ, ವರ್ಷಗಟ್ಟಲೆ ದುಡಿದ ಮೇಲೆ ಸಿಕ್ಕ ಲೆಕ್ಕ ಅದು. ಅಷ್ಟು ಹೋಲಿಕೆ ಮಾಡದಿದ್ದರೆ ಬಿದ್ದ ಮಳೆ ವಿಮಾನದ್ದೋ ಮುಂಗಾರಿನದ್ದೋ ಎಂದು ಹೇಳಲಾಗದು. 2019ರ ಜುಲೈ ಕೊನೆಗೆ ವಿಮಾನ ಹಾರಿತು, ಆಗಸ್ಟ್‌ನಲ್ಲಿ ಬೆಳಗಾವಿ, ಕೊಡಗು ನೆರೆಯಲ್ಲಿ ಮುಳುಗಿದವು. ಒಂದಕ್ಕೊಂದು ಸಂಬಂಧವಿದೆ ಎನ್ನುತ್ತಿಲ್ಲ. ಆದರೆ ಜನ ಮಾತಾಡಿಕೊಂಡರು. ಆಕಾಶಕ್ಕೆ ಕೈ ಹಾಕಿದವರ ಮೇಲೆ ಮುಂದೆ ಬರುವ ಪ್ರತಿಯೊಂದು ನೆರೆ, ಪ್ರತಿಯೊಂದು ಬರದ ಅನುಮಾನವೂ ಬೀಳುತ್ತದೆ. ಸಮುದ್ರದ ವಿಷಯದಲ್ಲಿ ಈ ಅನುಮಾನ ದೇಶ ದೇಶಗಳ ನಡುವೆ ಹುಟ್ಟುತ್ತದೆ.

ಆಪಾನ ಹಾಗೆಯೇ ಆಸೆಪಟ್ಟ ಒಂದು ಊರು ಕೆನಡದಲ್ಲಿದೆ. ಹೈಡಾ ಎಂಬ ಮೂಲನಿವಾಸಿಗಳ ಓಲ್ಡ್ ಮ್ಯಾಸೆಟ್ ಗ್ರಾಮ. ಅವರ ಬದುಕು ಸಾಮನ್ ಮೀನಿನದು, ಮೀನು ಕಡಿಮೆಯಾಗುತ್ತ ಬಂದಿತ್ತು. ಸಮುದ್ರಕ್ಕೆ ಕಬ್ಬಿಣ ಹಾಕಿದರೆ ಪಾಚಿ ಬೆಳೆದು ಮೀನು ಹೆಚ್ಚುತ್ತದೆ, ಜತೆಗೆ ಹೀರಿದ ಇಂಗಾಲದ ಲೆಕ್ಕ ಮಾರಿ ಹಣವನ್ನೂ ಮಾಡಬಹುದು ಎಂದು ಅಮೆರಿಕದ ಉದ್ಯಮಿಯೊಬ್ಬರು ನಂಬಿಸಿದರು. ಊರವರು ದೊಡ್ಡ ಮೊತ್ತ ಹಾಕಿದರು. 2012ರಲ್ಲಿ ಸುಮಾರು 100 ಟನ್ ಕಬ್ಬಿಣದ ಸಲ್ಫೇಟ್ ಕಡಲಿಗೆ ಬಿತ್ತು. ಸುದ್ದಿ ಹೊರಬಂದಾಗ ಜಗತ್ತಿನ ಪತ್ರಿಕೆಗಳೆಲ್ಲ ಖಂಡಿಸಿದವು. ಮರುವರ್ಷ, 2013ರಲ್ಲಿ, ಸಮುದ್ರಕ್ಕೆ ತ್ಯಾಜ್ಯ ಸುರಿಯುವುದನ್ನು ತಡೆಯುವ ಲಂಡನ್ ಒಪ್ಪಂದದ ದೇಶಗಳು, ಸಂಶೋಧನೆಗೆ ಪರಿಶೀಲಿಸಿ ಅನುಮತಿ ಕೊಡಬಹುದು, ವ್ಯಾಪಾರಕ್ಕೆ ಕೂಡದು ಎಂಬ ತಿದ್ದುಪಡಿಯನ್ನು ಅಂಗೀಕರಿಸಿದವು. ಈ ಖಂಡನೆಯಲ್ಲಿ ಆ ಊರವರ ಹಸಿವು ಯಾರಿಗೂ ಕಾಣಲಿಲ್ಲವೇನೋ ಎಂದು ನನಗೆ ಅನಿಸುತ್ತದೆ.

ಇಲ್ಲಿ ನನಗೆ ನೆನಪಾಗುವುದು ಪ್ರವಾದಿ ಮುಹಮ್ಮದ್(ಸ)ರು ಹೇಳಿದ ಹಡಗಿನ ಉಪಮೆ. ನುಅಮಾನ್ ಬಿನ್ ಬಶೀರ್(ರ)ರಿಂದ ವರದಿಯಾಗಿ ಬುಖಾರಿ ಸಂಗ್ರಹದಲ್ಲಿರುವ ಹದೀಸ್ ಅದು. ಕೆಲವರು ಚೀಟಿ ಎತ್ತಿ ಹಡಗಿನ ಮೇಲಂತಸ್ತು, ಕೆಳಂತಸ್ತುಗಳನ್ನು ಹಂಚಿಕೊಂಡರು. ಕೆಳಗಿನವರು ನೀರಿಗಾಗಿ ಮೇಲಿನವರನ್ನು ಹಾಯ್ದು ಹೋಗಬೇಕಿತ್ತು. ಮೇಲಿನವರಿಗೆ ತೊಂದರೆ ಬೇಡವೆಂದು ತಮ್ಮ ಪಾಲಿನ ಜಾಗದಲ್ಲೇ ತೂತು ಕೊರೆಯಲು ಯೋಚಿಸಿದರು. ಬಿಟ್ಟರೆ ಎಲ್ಲರೂ ಮುಳುಗುತ್ತಾರೆ, ಕೈ ಹಿಡಿದು ತಡೆದರೆ ಎಲ್ಲರೂ ಉಳಿಯುತ್ತಾರೆ. ಈ ಹದೀಸನ್ನು ಕೆಡುಕನ್ನು ತಡೆಯುವ ಕರ್ತವ್ಯದ ಕುರಿತು ಹೇಳುವಾಗ ಜುಮಾ ಖುತ್‌ಬಾಗಳಲ್ಲಿ ಕೇಳಿದ್ದೇವೆ. ಅದರಲ್ಲಿ ಇನ್ನೊಂದು ಮಾತಿದೆ ಎಂದು ನನ್ನ ಭಾವನೆ. ಕೆಳಗಿನವರು ದುಷ್ಟರಲ್ಲ, ಅವರಿಗೆ ಬಾಯಾರಿಕೆಯಿತ್ತು. ಕೈ ಹಿಡಿದು ತಡೆಯುವವರು ನೀರನ್ನೂ ಇಳಿಸಿಕೊಡಬೇಡವೇ? ನೀರು ಕೊಡದೆ ತೂತಿನ ಅಪಾಯದ ಬಗ್ಗೆ ಉಪದೇಶ ಮಾಡಿದರೆ ರಾತ್ರಿ ಹೊತ್ತು ಮತ್ತೆ ಕೊಡಲಿಯ ಸದ್ದು ಕೇಳಿಸುತ್ತದೆ.

ಹವಾಮಾನದ ಹಡಗಿನಲ್ಲಂತೂ ಕಥೆ ಉಲ್ಟಾ ಆಗಿದೆ. ಗಾಳಿಯಲ್ಲಿ ಸೇರಿರುವ ಇಂಗಾಲದ ದೊಡ್ಡ ಪಾಲು ಮೇಲಂತಸ್ತಿನವರದು, ಶ್ರೀಮಂತ ದೇಶಗಳದು. ಈಗ ಹೊಸ ತೂತು ಕೊರೆದು ಹಳೆಯ ತೂತಿನ ನೀರು ಹೊರಹಾಕೋಣ ಎನ್ನುವವರಲ್ಲೂ ಅವರೇ ಮುಂದಿದ್ದಾರೆ. ಸಮುದ್ರ ಹೀರಿಕೊಂಡರೆ ತಾವು ಇನ್ನಷ್ಟು ವರ್ಷ ಹೊಗೆ ಬಿಡಬಹುದೆಂಬ ಸಮಾಧಾನ ಕೆಲವು ಕಂಪನಿಗಳಿಗಿದೆ. ಹಾಗೆಂದು ನಾವು ಕೈ ತೊಳೆದುಕೊಳ್ಳುವಂತಿಲ್ಲ. ಲೋಹಾಫೆಕ್ಸ್ ನಡೆಸಿದ ನಖ್ವಿಯವರೇ ಅದಕ್ಕಿಂತ ಮೊದಲು, 2000ದಲ್ಲಿ, ಒಂದು ಮುಖ್ಯ ಸಂಗತಿ ಪ್ರಕಟಿಸಿದ್ದರು. ಭಾರತದ ಪಶ್ಚಿಮ ಕರಾವಳಿಯ ಆಳವಿಲ್ಲದ ಕಡಲಲ್ಲಿ ಆಮ್ಲಜನಕ ತೀರಾ ಕಡಿಮೆಯಾಗಿ, ಇಂಗಾಲದ ಡೈಆಕ್ಸೈಡಿಗಿಂತ ನೂರಾರು ಪಟ್ಟು ಬಿಸಿ ಹಿಡಿಯುವ ನೈಟ್ರಸ್ ಆಕ್ಸೈಡ್ ಹೇರಳವಾಗಿ ಹೊರಬರುತ್ತಿದೆ ಎಂದು. ನೆಲದಿಂದ ಹರಿದು ಬರುವ ಸಾರಜನಕವೂ ಇದಕ್ಕೆ ಕಾರಣವಿರಬಹುದೆಂದು ಅವರು ಸೂಚಿಸಿದರು. ಸಮುದ್ರಕ್ಕೆ ಗೊಬ್ಬರ ಹಾಕಿದರೆ ಏನಾಗಬಹುದೆಂಬ ಎಚ್ಚರಿಕೆಯೂ ಅದರಲ್ಲೇ ಇದೆ. ಮಂಡ್ಯದ ಗದ್ದೆಗಳಿಂದ ತೊಳೆದುಹೋಗುವ ಯೂರಿಯಾ ಕಾವೇರಿ ಹಿಡಿದು ಬಂಗಾಳ ಕೊಲ್ಲಿಯ ದಾರಿ ಹಿಡಿಯುತ್ತದೆ. ಅನುಮತಿ ಕೇಳದೆ ಸಮುದ್ರಕ್ಕೆ ಗೊಬ್ಬರ ಹಾಕುವವರಲ್ಲಿ ನಾವೂ ಇದ್ದೇವೆ.

ಧರ್ಮದ ಹೆಸರಿನಲ್ಲಿ ಇಂಥ ಸಂಶೋಧನೆಯನ್ನೇ ವಿರೋಧಿಸುವುದನ್ನು ನಾನು ಒಪ್ಪುವುದಿಲ್ಲ. ಮನುಷ್ಯ ಭೂಮಿಯಲ್ಲಿ ಅಲ್ಲಾಹನ ಪ್ರತಿನಿಧಿ, ಖಲೀಫ. ಪ್ರತಿನಿಧಿ ಕೈಕಟ್ಟಿ ಕೂರುವವನಲ್ಲ, ಒಡೆಯನಂತೆ ವರ್ತಿಸುವವನೂ ಅಲ್ಲ. ಅವನ ಕೈಯಲ್ಲಿರುವುದು ಅಮಾನತ್ತು, ಲೆಕ್ಕ ಕೊಡಬೇಕಾದ ವಸ್ತು. ಪವಿತ್ರ ಕುರ್‌ಆನಿನ ಅರ್‍ರಹ್ಮಾನ್ ಅಧ್ಯಾಯ ಆಕಾಶದ ಬಗ್ಗೆ ಹೇಳುವಾಗಲೇ ತಕ್ಕಡಿಯ ಬಗ್ಗೆಯೂ ಹೇಳುತ್ತದೆ. ಮಳೆ ಬಾರದ ವರ್ಷ ಈದ್ಗಾ ಮೈದಾನದಲ್ಲಿ ಸೇರಿ ಇಸ್ತಿಸ್ಕಾ ನಮಾಜು ಮಾಡುತ್ತೇವೆ. ಪಕ್ಕದ ಊರಿನಲ್ಲಿ ಅದೇ ಮಳೆಗೆ ಹಿಂದೂ ಬಂಧುಗಳು ಪರ್ಜನ್ಯ ಪೂಜೆ ಮಾಡುತ್ತಾರೆ. ಪ್ರಾರ್ಥನೆ ಮುಗಿಸಿ ಬಂದು ಕೆರೆಯ ಹೂಳೆತ್ತಬಾರದೆಂದು ಯಾವ ಧರ್ಮವೂ ಹೇಳಿಲ್ಲ. ಪಾಂಡವಪುರ ತಾಲೂಕಿನ ತೊಣ್ಣೂರು ಕೆರೆಯನ್ನೇ ನೋಡಿ. ರಾಮಾನುಜಾಚಾರ್ಯರ ಹೆಸರಿನೊಂದಿಗೆ ಬೆಸೆದುಕೊಂಡ ಕೆರೆ ಅದು. ಮುಸ್ಲಿಂ ಅರಸರ ಕಾಲದಲ್ಲಿ ಮೋತಿ ತಲಾಬ್ ಎಂದೂ ಕರೆಸಿಕೊಂಡಿತು. ಊರಲ್ಲಿ ದೇವಾಲಯಗಳೂ ಇವೆ, ದರ್ಗಾವೂ ಇದೆ. ಅರಸರು ಬದಲಾದರೂ ಏರಿ, ತೂಬುಗಳನ್ನು ನೋಡಿಕೊಳ್ಳುವವರು ಇದ್ದುದರಿಂದ ಅದು ಉಳಿಯಿತು.

ಮುಂದಿನ ಸಲ ಹುಡುಗ ಬಂದಾಗ ನನ್ನ ಉತ್ತರವನ್ನು ಹೇಳಿದೆ. ನದಿಗೆ ಕೈ ಹಾಕಬಹುದು, ಸಮುದ್ರಕ್ಕೆ ಕೂಡದು ಎಂಬುದು ನನ್ನ ವಾದವಲ್ಲ. ಕನ್ನಂಬಾಡಿಗೆ ಕೈ ಹಾಕಿದವರು ಯಾರು, ಲಾಭ ಯಾರಿಗೆ, ನಷ್ಟ ಯಾರಿಗೆ ಎಂದು ನಾವು ಹೆಸರು ಹಿಡಿದು ಹೇಳಬಲ್ಲೆವು. ನಷ್ಟವಾದವರು ಬಂದು ಜಗಳ ಆಡುವುದಕ್ಕೆ ಜಾಗವಿದೆ. ಸಮುದ್ರಕ್ಕೆ ತೂಬಿಲ್ಲ, ಸೌಡಿಯೂ ಇಲ್ಲ. ಅದನ್ನೆಲ್ಲ ಮೊದಲು ಕಟ್ಟಬೇಕು. ಸಂಶೋಧನೆ ನಡೆಯಲಿ, ಸಣ್ಣದಾಗಿ, ಎಲ್ಲರ ಕಣ್ಣೆದುರು, ಸೋತ ಫಲಿತಾಂಶವನ್ನೂ ಮುಚ್ಚಿಡದೆ. ಲೋಹಾಫೆಕ್ಸ್‌ನವರು ತಮ್ಮ ನಿರೀಕ್ಷೆ ಫಲಿಸಲಿಲ್ಲವೆಂದು ಜಗತ್ತಿಗೆ ಹೇಳಿದ್ದರಿಂದಲೇ ಸಿಲಿಕಾದ ಪಾಠ ನಮಗೆ ಸಿಕ್ಕಿತು. ಆದರೆ ಸಮುದ್ರ ಹೀರಿದ ಇಂಗಾಲವನ್ನು ಪೊಟ್ಟಣ ಕಟ್ಟಿ ಮಾರುವ ಅಂಗಡಿ ಬೇಡ. ಮೀನುಗಾರರೂ ಮುಂಗಾರಿನ ರೈತರೂ ಇಲ್ಲದ ಸಭೆಯಲ್ಲಿ ತೀರ್ಮಾನ ಬೇಡ. ಹೊಗೆ ಕಡಿಮೆ ಮಾಡುವ ಕೆಲಸಕ್ಕೆ ಇದು ಬದಲಿಯೂ ಅಲ್ಲ.

"ಅಷ್ಟೆಲ್ಲ ಕಟ್ಟುವವರೆಗೆ ಬಿಸಿ ಕಾಯುತ್ತದಾ ಮಾಮೂ?" ಎಂದ ಅವನು. ಕಾಯುವುದಿಲ್ಲ, ಅದು ನನಗೂ ಗೊತ್ತು. 2023ರಲ್ಲಿ ತುಂಬದ ಕಟ್ಟೆ 2024ರ ಜುಲೈನಲ್ಲಿ ತುಂಬಿತು. 2025ರಲ್ಲಿ ಜೂನ್ ಮುಗಿಯುವುದರೊಳಗೇ 124.80 ಅಡಿ ಮುಟ್ಟಿ, ಮುಖ್ಯಮಂತ್ರಿ ಬಂದು ಬಾಗಿನ ಕೊಟ್ಟರು. ಮಳೆ ಹೀಗೆ ಒಂದು ವರ್ಷ ಕೈಬಿಟ್ಟು ಇನ್ನೊಂದು ವರ್ಷ ನುಗ್ಗಿ ಬಂದರೆ, ನಾಲೆಯಿದ್ದವರು ಹೇಗೋ ತಡೆದುಕೊಳ್ಳುತ್ತಾರೆ, ನಾಗಮಂಗಲದ ಆಪಾ ತಡೆದುಕೊಳ್ಳುವುದಿಲ್ಲ. ಆದ್ದರಿಂದ ಅವನನ್ನು ಹೋಗಬೇಡ ಎನ್ನಲಿಲ್ಲ. ಹೋಗು, ಓದು, ಆ ಹಡಗನ್ನೂ ಹತ್ತು ಎಂದೆ. ಒಂದೇ ಷರತ್ತು ಹಾಕಿದೆ. ನೀನು ಸುರಿಯುವ ನೀರಿನ ದಡದಲ್ಲಿ ಯಾವ ಯಾವ ಊರುಗಳಿವೆ, ಅವರು ಏನು ಹಿಡಿದು ಏನು ಬೆಳೆದು ಉಣ್ಣುತ್ತಾರೆ, ಅವರನ್ನು ಯಾರು ಕೇಳಿದರು ಎಂದು ನಿನ್ನ ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊ. ಅವನು ಮೊಬೈಲ್ ತೆಗೆದು ಅದರಲ್ಲಿ ಬರೆದುಕೊಂಡ. ತಲೆ ಎತ್ತಿ, "ಮಾಮೂ, ದಕ್ಷಿಣ ಸಾಗರದ ದಡದಲ್ಲಿ ಊರುಗಳೇ ಇಲ್ಲವಲ್ಲ" ಎಂದ. "ಅದರ ಗಾಳಿ ಎಲ್ಲಿಗೆ ಹೋಗುತ್ತದೆಯೋ ಅಲ್ಲಿಯವರೆಗೆ ದಡ ಎಂದೇ ಲೆಕ್ಕ ಹಾಕು" ಎಂದೆ.